ಬಾರದವರನ್ನು ಎಣಿಸುವ ಸಭೆ

ಮೊದಲ ಭಾನುವಾರ ಈ ಚರ್ಚಿನಲ್ಲಿ ಕುಳಿತಾಗ ನಾನು ತಲೆ ಎಣಿಸಿದೆ. ಮಕ್ಕಳೂ ಸೇರಿ 38. ಎಣಿಸುವುದು ನನ್ನ ಕಸುಬು ಕಲಿಸಿದ ಅಭ್ಯಾಸ. 31 ವರ್ಷ ರಕ್ತನಿಧಿಯಲ್ಲಿ ತಂತ್ರಜ್ಞೆಯಾಗಿದ್ದೆ. ಪಾಳಿಗೆ ಬಂದ ಕೂಡಲೇ ಫ್ರಿಜ್ಜಿನ ಬಾಗಿಲು ತೆಗೆದು, ಯಾವ ಗುಂಪಿನ ಚೀಲ ಎಷ್ಟಿದೆ ಎಂದು ಎಣಿಸಿ ಪುಸ್ತಕದಲ್ಲಿ ಬರೆಯುವ ತನಕ ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಅವತ್ತು ಹಿಂದಿನ ಬೆಂಚಿನಲ್ಲಿ ಒಬ್ಬ ಹಿರಿಯ ಹೆಂಗಸು ತುಟಿ ಆಡಿಸುತ್ತಾ, ಬೆರಳು ಮಡಿಸುತ್ತಾ ನನ್ನ ಹಾಗೆಯೇ ಎಣಿಸುತ್ತಿದ್ದರು. ಅವರು ಎಣಿಸುತ್ತಿದ್ದುದು ಬಾರದವರನ್ನು ಎಂದು ನನಗೆ ಗೊತ್ತಾದದ್ದು ಮೂರು ವಾರ ಕಳೆದ ಮೇಲೆ.

ಈಗ ಎರಡು ವರ್ಷದ ಮೇಲಾಯಿತು, ಅದಕ್ಕೇ ಈ ಚರ್ಚಿನ ಬಗ್ಗೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಹೊಸದಾಗಿ ಸಭೆ, ಅಂದರೆ ಚರ್ಚು, ಹುಡುಕುತ್ತಿರುವವರು ನನ್ನನ್ನು ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ: ಹಾಡು ಹೇಗಿರುತ್ತೆ, ಪ್ರಸಂಗ, ಅಂದರೆ ಉಪದೇಶ, ಹೇಗಿರುತ್ತೆ? ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಡು ಸಾಧಾರಣ. ಒಂದು ಕೀಬೋರ್ಡ್, ಒಂದು ಗಿಟಾರ್. ಕೆಲವು ವಾರ ಶ್ರುತಿ ಕೂಡುವುದಿಲ್ಲ. ಆದರೆ ಬಂದವರೆಲ್ಲ ಬಾಯಿಬಿಟ್ಟು ಹಾಡುತ್ತಾರೆ, ಪಕ್ಕದವರ ದನಿ ನಮ್ಮ ಕಿವಿಗೆ ಬೀಳುತ್ತದೆ. ಪ್ರಸಂಗ 25 ನಿಮಿಷ, ಅಪರೂಪಕ್ಕೆ 40ಕ್ಕೆ ಎಳೆಯುತ್ತದೆ. ಸಭಾಪಾಲಕರು, ಅಂದರೆ ನಮ್ಮ ಪಾದ್ರಿ, ದೊಡ್ಡ ಮಾತುಗಾರರೇನೂ ಅಲ್ಲ. ಭಾನುವಾರ ಹೇಳಿದ್ದನ್ನು ಬುಧವಾರದ ಬೈಬಲ್ ಅಧ್ಯಯನದಲ್ಲಿ ಯಾರಾದರೂ ಒಪ್ಪದೆ ಪ್ರಶ್ನಿಸಿದರೆ ಮುಖ ಗಂಟಿಕ್ಕದೆ ಕೇಳುತ್ತಾರೆ, ಎರಡು ಸಲ ನನ್ನ ಕಣ್ಣೆದುರೇ ತಮ್ಮ ಮಾತು ತಿದ್ದಿಕೊಂಡಿದ್ದಾರೆ. ನನಗೆ ಅಷ್ಟು ಸಾಕು.

ಇಲ್ಲಿಗೆ ಬರುವ ಮೊದಲು 19 ವರ್ಷ ಒಂದು ದೊಡ್ಡ ಸಭೆಯಲ್ಲಿದ್ದೆವು, ನಾನು ಮತ್ತು ನಮ್ಮ ಯಜಮಾನರು. ಅವರು ತೀರಿಕೊಂಡ ಮೇಲೆ ಐದು ತಿಂಗಳು ನನಗೆ ಆ ಬೆಂಚಿನ ಹತ್ತಿರ ಹೋಗಲು ಆಗಲಿಲ್ಲ. ಅಂತ್ಯಕ್ರಿಯೆಯ ದಿನ ಎಲ್ಲರೂ ಬಂದಿದ್ದರು. ಆಮೇಲೆ ಒಬ್ಬರೂ ಬರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿ ಭಾನುವಾರಕ್ಕೆ ಮೂರು ಆರಾಧನೆ, ಒಂದೊಂದಕ್ಕೂ ನೂರಾರು ಜನ. ಎಂಟು ಗಂಟೆಯ ಆರಾಧನೆಯಲ್ಲಿ ಕಾಣದವಳು ಹನ್ನೊಂದರದ್ದಕ್ಕೆ ಬಂದಿರಬೇಕು ಎಂದು ಪ್ರತಿಯೊಬ್ಬರೂ ಅಂದುಕೊಂಡಿರುತ್ತಾರೆ. ಐದನೆಯ ತಿಂಗಳಲ್ಲಿ ವರ್ಷದ ಚಂದಾ ನೆನಪಿಸುವ ಪತ್ರ ಬಂತು. ಅದರ ಮೇಲೆ ತೀರಿಹೋದವರ ಹೆಸರಿತ್ತು. ಆ ಕಾಗದವನ್ನು ಮೇಜಿನ ಮೇಲೆ ಹಾಗೇ ಇಟ್ಟುಕೊಂಡು ಒಂದು ಇಡೀ ಸಂಜೆ ಕುಳಿತಿದ್ದೆ.

ಈ ಚಿಕ್ಕ ಚರ್ಚಿಗೆ ಬಂದದ್ದು ಯಾರ ಕರೆಯಿಂದಲೂ ಅಲ್ಲ. ದಾರಿಯಲ್ಲಿ ಹೋಗುವಾಗ ಬಾಗಿಲು ತೆರೆದಿತ್ತು, ಒಳಗೆ ಹೋದೆ. ಬಾಗಿಲಲ್ಲಿದ್ದ ಹುಡುಗ, "ಬನ್ನಿ ಆಂಟಿ, ಎಲ್ಲಿ ಬೇಕಾದರೂ ಕೂತುಕೊಳ್ಳಿ, ಇಲ್ಲಿ ಯಾರ ಜಾಗವೂ ಗೊತ್ತು ಮಾಡಿಲ್ಲ" ಎಂದ. ಸಂಗೀತ ಪುಸ್ತಕವನ್ನು ಮುಚ್ಚಿ ಕೈಗೆ ಕೊಡಲಿಲ್ಲ, ಹಾಡುತ್ತಿದ್ದ ಪುಟ ತೆರೆದು ಕೊಟ್ಟ. ಹೊಸಬರು ಎದ್ದು ನಿಂತು ಹೆಸರು ಹೇಳಿ ಎಂದು ಯಾರೂ ಅನ್ನಲಿಲ್ಲ. ಆ ದಿನ ಎದ್ದು ನಿಲ್ಲಬೇಕಾಗಿ ಬಂದಿದ್ದರೆ ಅತ್ತುಬಿಡುತ್ತಿದ್ದೆ, ಮತ್ತೆ ಬರುತ್ತಲೂ ಇರಲಿಲ್ಲ. ಆರಾಧನೆ ಮುಗಿದ ಮೇಲೆ ಬಾಗಿಲ ಪಕ್ಕದ ಪುಸ್ತಕ ತೋರಿಸಿ, "ಇಷ್ಟ ಇದ್ದರೆ ಹೆಸರು, ಫೋನ್ ನಂಬರ್ ಬರೆಯಿರಿ, ಇಲ್ಲದಿದ್ದರೂ ಪರವಾಗಿಲ್ಲ" ಎಂದರು. ಬರೆದೆ.

ಜಾಗ ಗೊತ್ತು ಮಾಡದಿರುವುದರ ಹಿಂದೆ ಒಂದು ಕಾರಣವಿದೆ ಎಂದು ಆಮೇಲೆ ತಿಳಿಯಿತು. ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆಯ (ಪತ್ರದ) ಎರಡನೆಯ ಅಧ್ಯಾಯದಲ್ಲಿ, ಚಿನ್ನದ ಉಂಗುರ ತೊಟ್ಟು ಬಂದವನಿಗೆ ಒಳ್ಳೆಯ ಪೀಠ ತೋರಿಸಿ, ಕೊಳೆ ಬಟ್ಟೆಯ ಬಡವನನ್ನು ಕಾಲಬಳಿ ಕೂರಿಸುವ ಸಭೆಯನ್ನು ಬರೆದವರು ನೇರವಾಗಿ ಗದರುತ್ತಾರೆ. ಈ ಸಭೆಯ ಹಿರಿಯರು ಆ ಭಾಗ ಓದಿ, ಮುಂದಿನ ಸಾಲಿನಲ್ಲಿದ್ದ ಎರಡು ಮೆತ್ತನೆಯ ಕುರ್ಚಿಗಳನ್ನು ತೆಗೆಸಿಬಿಟ್ಟರಂತೆ. ಅವು ಈಗ ಹಿಂದಿನ ಬಾಗಿಲ ಹತ್ತಿರ ಇವೆ. ಬೆನ್ನುನೋವಿನವರು, ಗರ್ಭಿಣಿಯರು ಕೂರುತ್ತಾರೆ.

ಮೂರನೆಯ ಭಾನುವಾರ ಜ್ವರ ಬಂದು ಹೋಗಲಾಗಲಿಲ್ಲ. ಮಂಗಳವಾರ ಸಂಜೆ ಫೋನ್. ಹಿಂದಿನ ಬೆಂಚಿನಲ್ಲಿ ಬೆರಳು ಮಡಿಸುತ್ತಿದ್ದರಲ್ಲ, ಅದೇ ಹೆಂಗಸು. "ಕಿಟಕಿ ಪಕ್ಕದ ಜಾಗ ಈ ವಾರ ಖಾಲಿ ಇತ್ತು ಮಗಳೇ, ಹುಷಾರಾಗಿದ್ದೀಯಾ?" ಎಂದರು. ಎರಡೇ ಎರಡು ಸಲ ಹೋಗಿದ್ದೆ. ನನ್ನ ಜಾಗ ಎಂದು ಒಂದು ಜಾಗವಾಗಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ, ಮುಂದಿನ ವಾರ ಬಾ ಎಂದೂ ಹೇಳಲಿಲ್ಲ. ಔಷಧಿ ತಂದುಕೊಡಲು ಯಾರಾದರೂ ಇದ್ದಾರಾ ಎಂದು ಕೇಳಿದರು.

ಅವರ ಹತ್ತಿರ ಒಂದು ನೋಟ್‌ಬುಕ್ ಇದೆ. ಗೆರೆ ಎಳೆದ ಮಾಮೂಲಿ ಶಾಲೆಯ ಪುಸ್ತಕ. ಪ್ರತಿ ಭಾನುವಾರ ಬಾರದವರ ಹೆಸರು ಅದರಲ್ಲಿ ಬರುತ್ತದೆ. ವಾರಕ್ಕೆ ಇಬ್ಬರು ಸರದಿಯ ಮೇಲೆ ಅದನ್ನು ಮನೆಗೆ ಒಯ್ದು, ಬುಧವಾರದೊಳಗೆ ಎಲ್ಲರಿಗೂ ಒಂದು ಫೋನ್ ಮಾಡುತ್ತಾರೆ. ಕೇಳಿದ ಕೂಡಲೇ ಇದು ಹಾಜರಾತಿ ಪುಸ್ತಕದಂತೆ ತೋರಬಹುದು, ನನಗೂ ಆ ಅನುಮಾನ ಬಂದಿತ್ತು. ಅದಕ್ಕೇ ಅದರ ನಿಯಮ ಕೇಳಿ ತಿಳಿದುಕೊಂಡೆ. ವಾರಕ್ಕೆ ಒಂದೇ ಫೋನ್. ಕಾರಣ ಕೇಳಬಾರದು. ಅವರಾಗಿ ಹೇಳಿದ ಕಷ್ಟವನ್ನು ಅವರ ಒಪ್ಪಿಗೆ ಇಲ್ಲದೆ ಪ್ರಾರ್ಥನೆಯ ಪಟ್ಟಿಗೂ ಸೇರಿಸಬಾರದು. ನನಗೆ ಫೋನ್ ಮಾಡಬೇಡಿ ಎಂದವರ ಹೆಸರನ್ನು ಆ ದಿನವೇ ಹೊಡೆದುಹಾಕಬೇಕು, ಅವರು ಎದುರು ಸಿಕ್ಕಾಗ ಮೊದಲಿನಂತೆಯೇ ನಗಬೇಕು. ಹೀಗೆ ಹೊಡೆದುಹಾಕಿದ ಹೆಸರು ನಾಲ್ಕನ್ನು ನಾನು ನೋಡಿದ್ದೇನೆ. ಅವರಲ್ಲಿ ಒಬ್ಬರು ಒಂದು ವರ್ಷದ ನಂತರ ತಾವಾಗಿ ಬಂದರು.

ಬುಧವಾರದ ಅಧ್ಯಯನದಲ್ಲಿ ಒಮ್ಮೆ ಸಭಾಪಾಲಕರು ರೋಮಿನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ಲೇಖಕನ ಮಾತು ತೆಗೆದರು. ಕ್ರಿ.ಶ. 155ರ ಸುಮಾರಿಗೆ ಆತ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಕ್ರೈಸ್ತರು ಭಾನುವಾರ ಸೇರಿ ಏನು ಮಾಡುತ್ತಾರೆ ಎಂದು ವಿವರಿಸಿದ್ದಾನೆ: ಓದುತ್ತಾರೆ, ಮುಖಂಡ ಬುದ್ಧಿ ಹೇಳುತ್ತಾನೆ, ಎಲ್ಲರೂ ಎದ್ದು ಪ್ರಾರ್ಥಿಸುತ್ತಾರೆ, ರೊಟ್ಟಿ ಹಂಚಿಕೊಳ್ಳುತ್ತಾರೆ. ಅಲ್ಲಿಗೆ ಬರಲಾಗದವರ ಪಾಲನ್ನು ಸಭಾಸೇವಕರು ಅವರಿದ್ದಲ್ಲಿಗೆ ಒಯ್ದು ಕೊಡುತ್ತಾರೆ. ಉಳ್ಳವರು ತಮಗೆ ಮನಸ್ಸು ಬಂದಷ್ಟು ಕೊಟ್ಟದ್ದನ್ನು ಮುಖಂಡನ ಬಳಿ ಇಟ್ಟು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದಿಂದ ಬಂದವರಿಗೆ ಬಳಸುತ್ತಾರೆ. ಅಷ್ಟು ಹಳೆಯ ಬರವಣಿಗೆಯಲ್ಲಿ, ಆರಾಧನೆಯ ವರ್ಣನೆಯ ನಡುವೆಯೇ ಬಾರದವರ ಪಾಲಿನ ಮಾತು ಇದೆಯಲ್ಲ ಎಂದು ನನ್ನ ಮೈ ಜುಂ ಎಂದಿತು. ನಮ್ಮ ಹಿರಿಯ ಹೆಂಗಸಿಗೆ ಇದು ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. "ಇಲ್ಲಮ್ಮ, ನಾನು ಬಾಣಂತಿಯಾಗಿ ಮನೆಯಲ್ಲಿದ್ದಾಗ ಯಾರೂ ಬರಲಿಲ್ಲ, ಅದಕ್ಕೇ ಶುರುಮಾಡಿದೆ" ಎಂದರು.

ಐದನೆಯ ವಾರಕ್ಕೆ ನನಗೆ ಕೆಲಸ ಬಂತು. ಈ ಸಭೆಯ ಸ್ವಾಗತ ಎಂದರೆ ಏನು ಎಂದು ಕೇಳಿದರೆ ನಾನು ಇದನ್ನೇ ಹೇಳುವುದು. ಖಜಾಂಚಿಯವರು ಹತ್ತಿರ ಬಂದು, "ಅಕ್ಕಾ, ನೀವು ರಕ್ತನಿಧಿಯಲ್ಲಿ ಇದ್ದವರಂತೆ. ನಾವು ವರ್ಷಕ್ಕೊಂದು ರಕ್ತದಾನ ಶಿಬಿರ ಮಾಡ್ತೀವಿ. ಅದರಲ್ಲಿ ತಪ್ಪೇನಿದ್ದರೂ ಹೇಳಿ" ಎಂದರು. ನಿವೃತ್ತಿಯಾದ ಮೇಲೆ, ಗಂಡ ಹೋದ ಮೇಲೆ, ನನಗೆ ಗೊತ್ತಿರುವುದನ್ನು ಯಾರೂ ಕೇಳಿರಲಿಲ್ಲ. ರಾತ್ರಿ ಎರಡು ಹಾಳೆ ಬರೆದೆ.

ತಪ್ಪು ಇತ್ತು. ಅವರು ವರ್ಷಕ್ಕೊಮ್ಮೆ, ಒಂದೇ ದಿನ, ಆದಷ್ಟು ಹೆಚ್ಚು ಜನರಿಂದ ರಕ್ತ ಕೊಡಿಸುತ್ತಿದ್ದರು. ಪರಿಚಯದವರು, ನೆಂಟರು, ಪಕ್ಕದ ಬೀದಿಯವರು ಎಲ್ಲ ಸೇರಿ ಐವತ್ತರ ಮೇಲೆ. ಫೋಟೋಕ್ಕೆ ಅದು ಚೆಂದ. ರಕ್ತ ಅಲ್ಮೇರಾದಲ್ಲಿ ಇಡುವ ಸಾಮಾನಲ್ಲ. ಕೆಂಪು ರಕ್ತಕಣಗಳನ್ನು ತಕ್ಕ ದ್ರಾವಣದಲ್ಲಿ, 2ರಿಂದ 6 ಡಿಗ್ರಿ ತಣ್ಣಗೆ ಇಟ್ಟರೆ 42 ದಿನ ಇರುತ್ತವೆ. ಪ್ಲೇಟ್‌ಲೆಟ್‌ಗಳನ್ನು ಫ್ರಿಜ್ಜಿನಲ್ಲಿ ಇಡುವ ಹಾಗೇ ಇಲ್ಲ. 20ರಿಂದ 24 ಡಿಗ್ರಿಯಲ್ಲಿ ಸದಾ ಅಲುಗಾಡಿಸುತ್ತಾ ಇಡಬೇಕು, ಆದರೂ ಸಾಮಾನ್ಯವಾಗಿ 5 ದಿನಕ್ಕೆ ಅವುಗಳ ಆಯುಷ್ಯ ಮುಗಿಯುತ್ತದೆ. ಅವಧಿ ಮುಗಿದ ಚೀಲಗಳನ್ನು ತೆಗೆದುಹಾಕುವ ಕೆಲಸ ನನ್ನ ಕೈಯಿಂದಲೇ ಎಷ್ಟೋ ಸಲ ಆಗಿದೆ. ಯಾರೋ ತೋಳು ಚಾಚಿ, ಕಣ್ಣು ಮುಚ್ಚಿ, ಪ್ರೀತಿಯಿಂದ ಕೊಟ್ಟದ್ದು. ಹಾಗೆ ತೆಗೆದುಹಾಕುವಾಗಲೆಲ್ಲ ಕೊಟ್ಟವರ ಕ್ಷಮೆ ಕೇಳುತ್ತಿದ್ದೆ, ಮನಸ್ಸಿನಲ್ಲೇ.

ಹೀಗಾಗಿ ಐವತ್ತು ಜನ ಒಂದೇ ದಿನ ಕೊಡುವುದಕ್ಕಿಂತ ಹತ್ತು ಹನ್ನೆರಡು ಜನ ವರ್ಷವಿಡೀ ಅಲ್ಲಲ್ಲಿ ಹಂಚಿಕೊಂಡು ಕೊಡುವುದು ಮೇಲು, ರಕ್ತನಿಧಿಯವರು ಬೇಕು ಎಂದಾಗ ಹೋಗುವುದು ಇನ್ನೂ ಮೇಲು ಎಂದು ಬರೆದುಕೊಟ್ಟೆ. ಇದೇನೂ ಹೊಸದಲ್ಲ. 1921ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್ ಭಾಗದ ರೆಡ್ ಕ್ರಾಸ್ ಕಾರ್ಯದರ್ಶಿ ಪರ್ಸಿ ಆಲಿವರ್ ಅವರಿಗೆ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಿಂದ ತುರ್ತಾಗಿ ರಕ್ತ ಬೇಕೆಂದು ಕರೆ ಬಂತು. ಅವರು ತಮ್ಮ ಕೆಲವು ಸಂಗಡಿಗರನ್ನು ಕರೆದುಕೊಂಡು ಹೋದರು, ಒಬ್ಬ ನರ್ಸಿನ ರಕ್ತ ಹೊಂದಿತು. ಅದಾದ ಮೇಲೆ ಗಂಡಹೆಂಡತಿ ತಮ್ಮ ಮನೆಯಲ್ಲೇ ದಾನಿಗಳ ಕಾರ್ಡುಗಳನ್ನು ಜೋಡಿಸಿಟ್ಟುಕೊಂಡು, ಆಸ್ಪತ್ರೆಯವರು ಕರೆದಾಗ ಯಾರನ್ನು ಕಳಿಸಬೇಕೋ ಅವರನ್ನು ಕಳಿಸುವ ವ್ಯವಸ್ಥೆ ಕಟ್ಟಿದರು. ಬೇರೆ ಬೇರೆ ಕಡೆ ಹುಟ್ಟಿದ ದಾನಿಗಳ ಪಟ್ಟಿಗಳಿಗೆ ಆ ಮನೆ ದಾರಿ ತೋರಿಸಿತು. ಒಂದು ಮನೆಯಿಂದ ಆಗಬಹುದಾದದ್ದು 38 ಜನರ ಸಭೆಯಿಂದ ಆಗದೇ?

ಆಯಿತು. ಈಗ ನಮ್ಮ ಪಟ್ಟಿಯಲ್ಲಿ ಗುಂಪಿನ ಪ್ರಕಾರ ಹೆಸರುಗಳಿವೆ, ಪ್ರತಿಯೊಬ್ಬರ ಮುಂದೆ ಕಳೆದ ಸಲ ಕೊಟ್ಟ ತಾರೀಕು. ಓ ನೆಗೆಟಿವ್ ಇಬ್ಬರೇ, ಅವರನ್ನು ಸುಮ್ಮನೆ ಕರೆಯುವುದಿಲ್ಲ. ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ಸಭೆಯವರೇ ಅಲ್ಲ. ಬೇರೆ ಧರ್ಮದವರು, ದೇವರನ್ನೇ ನಂಬದವರು, ಎಲ್ಲರೂ ಇದ್ದಾರೆ. ಅದರಿಂದಲೇ ಒಂದು ಮಾತು ಎದ್ದಿತು. ರಕ್ತ ಕೊಡುವ ಮೊದಲು ಎಲ್ಲರೂ ಸೇರಿ ಪ್ರಾರ್ಥನೆ ಮಾಡೋಣ, ಕೊನೆಯಲ್ಲಿ ಒಂದು ಕರಪತ್ರ ಕೊಡೋಣ ಎಂದು ಒಬ್ಬ ಹಿರಿಯರು ಹೇಳಿದರು. ಅವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೂ ನಾನು ಎದ್ದು, ಕೊಡಲು ಬಂದವರ ಕೈಗೆ ನಾವು ಏನನ್ನಾದರೂ ತುರುಕಿದರೆ ಅವರು ಕೊಟ್ಟದ್ದು ದಾನವಾಗಿ ಉಳಿಯುವುದಿಲ್ಲ ಎಂದೆ. ಎರಡು ಸಲ ಕೂತು ಚರ್ಚೆಯಾಗಿ, ಹಿಂದಿನ ಸಂಜೆ ನಾವು ನಾವೇ ಸೇರಿ ದಾನಿಗಳಿಗಾಗಿ ಪ್ರಾರ್ಥಿಸುವುದು, ಶಿಬಿರದ ದಿನ ಬರೀ ಕೆಲಸ ಮಾಡುವುದು ಎಂದು ನಿಂತಿತು. ಆ ಹಿರಿಯರೇ ಈಗ ಕುರ್ಚಿ ಜೋಡಿಸಲು ಮೊದಲು ಬರುತ್ತಾರೆ.

ಇನ್ನುಳಿದ ಸೇವೆಗಳೂ ಇದೇ ಅಳತೆಯವು. ಶನಿವಾರ ಎರಡು ಗಂಟೆ ಹೊತ್ತು ಅರ್ಜಿ ಬರೆದುಕೊಡುವ ಮೇಜು ಇರುತ್ತದೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರೊಬ್ಬರು ಕೂತು, ಓದುಬರಹ ಬಾರದವರ ಫಾರಂ ತುಂಬಿ, ತುಂಬಿದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸುತ್ತಾರೆ. ಮಕ್ಕಳಿಗೆ ಪಾಠ ಹೇಳಿಕೊಡುವುದು ವಾರಕ್ಕೆ ಮೂರು ಸಂಜೆ. ಕಣ್ಣು ಕಾಣದ ಇಬ್ಬರಿಗೆ ದಿನಪತ್ರಿಕೆ ಓದಿಹೇಳುವ ಕೆಲಸ ಸಂಡೇ ಸ್ಕೂಲಿನ ದೊಡ್ಡ ಮಕ್ಕಳದು, ಅವರ ಓದು ಅದರಿಂದಲೇ ಸುಧಾರಿಸಿದೆ.

ಇನ್ನೊಂದು ಸೇವೆ, ಮಾತು ಕೇಳುವ ಎರಡು ಕುರ್ಚಿಗಳ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಆರಾಧನೆ ಮುಗಿದ ಮೇಲೆ ಬಲಗಡೆಯ ಮೂಲೆಯಲ್ಲಿ ಎರಡು ಕುರ್ಚಿ ಎದುರುಬದುರಾಗಿ ಹಾಕುತ್ತಾರೆ. ಒಂದರಲ್ಲಿ ಸಭೆಯ ಒಬ್ಬರು ಕೂರುತ್ತಾರೆ, ಇನ್ನೊಂದು ಖಾಲಿ. ಮನಸ್ಸಿನಲ್ಲಿ ಏನಾದರೂ ಇದ್ದವರು ಹೋಗಿ ಕೂತು ಹೇಳಿಕೊಳ್ಳಬಹುದು. ಕೇಳುವವರು ಸಭಾಪಾಲಕರಲ್ಲ, ವೈದ್ಯರಲ್ಲ, ನಮ್ಮಂಥವರು. ಇದಕ್ಕೂ ಒಂದು ಹಿನ್ನೆಲೆ ಇದೆ. 1953ರಲ್ಲಿ ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನ ಪಾದ್ರಿ ಚಾಡ್ ವಾರಾ, ಆತ್ಮಹತ್ಯೆಯ ಯೋಚನೆಯಲ್ಲಿರುವವರು ಕರೆಮಾಡಲು ಒಂದು ಫೋನ್ ಇಟ್ಟರು. ಜನ ನೇರವಾಗಿಯೂ ಬಂದು ಸಾಲಾಗಿ ಕಾಯತೊಡಗಿದರು. ಕಾಯುವವರಿಗೆ ಟೀ ಕೊಟ್ಟು ಜೊತೆಗೆ ಕೂರಲು ಸ್ವಯಂಸೇವಕರು ಬಂದರು. ಆ ಸ್ವಯಂಸೇವಕರ ಹತ್ತಿರ ಮಾತಾಡಿದ ಎಷ್ಟೋ ಜನರಿಗೆ ಆಮೇಲೆ ಪಾದ್ರಿಯನ್ನು ಕಾಣುವ ಅಗತ್ಯವೇ ಬೀಳಲಿಲ್ಲ. ಮರುವರ್ಷ ಅವರು ಫೋನನ್ನೇ ಸ್ವಯಂಸೇವಕರ ಕೈಗೆ ಬಿಟ್ಟುಕೊಟ್ಟರು. ಸಮರಿಟನ್ಸ್ ಎಂಬ ಸಂಸ್ಥೆ ಬೆಳೆದದ್ದು ಹಾಗೆ.

ಆ ಕುರ್ಚಿಯಲ್ಲಿ ಕೂರುವ ಮೊದಲು ನಮಗೆ ನಾಲ್ಕು ಶನಿವಾರ ಅಭ್ಯಾಸ ಕೊಟ್ಟರು. ಕಲಿಸಿದ್ದು ಮುಖ್ಯವಾಗಿ ಬಾಯಿ ಮುಚ್ಚಿಕೊಂಡಿರುವುದನ್ನು. "ನನಗೂ ಹಾಗೇ ಆಗಿತ್ತು" ಎಂದು ಶುರುಮಾಡಬಾರದು, ಬೈಬಲ್ ವಚನ ಹೇಳಿ ಮಾತು ಮುಗಿಸಬಾರದು. ಸಾಯುವ ಮಾತು ಬಂದರೆ ಗಾಬರಿಯಾಗಿ ವಿಷಯ ತಿರುಗಿಸಬಾರದು, ನೇರವಾಗಿ ಕೇಳಬೇಕು, ಅವರನ್ನು ಒಂಟಿಯಾಗಿ ಬಿಡದೆ ಬಲ್ಲವರ ಹತ್ತಿರ ಆ ದಿನವೇ ಕರೆದೊಯ್ಯಬೇಕು. ನನ್ನ ಸರದಿಯ ಮೊದಲ ಭಾನುವಾರ ಒಬ್ಬ ಗಂಡಸು ಬಂದು ಕೂತರು. ಇಪ್ಪತ್ತು ನಿಮಿಷ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಎದ್ದು ಹೋಗುವಾಗ, "ಮುಂದಿನ ವಾರ ನೀವೇ ಇರ್ತೀರಾ ಅಮ್ಮ?" ಎಂದು ಕೇಳಿದರು. ಸರದಿ ಬೇರೆಯವರದಿತ್ತು, ಬದಲಿಸಿಕೊಂಡೆ. ಅವರು ಹೇಳಿದ್ದೇನು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಈ ಸಭೆಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿದ್ದೇನೆ. ಒಂದನ್ನು ಯಾಕೆ ಹಿಡಿದೆ ಎಂದು ಹೇಳಬೇಕು.

ಗಾಲಿಕುರ್ಚಿ ಹತ್ತುವ ಇಳಿಜಾರಿನ ಕತೆ ಅದಕ್ಕೆ ಕಾರಣವಲ್ಲ, ಅದು ಸರಿಯಾಯಿತು. ಮುಂಬಾಗಿಲಿಗೆ ಮೂರು ಮೆಟ್ಟಿಲು, ಒಟ್ಟು 18 ಅಂಗುಲ ಎತ್ತರ. ಗಾಲಿಕುರ್ಚಿಯವರಿಗೆಂದು ಎಂಟಡಿಯ ಒಂದು ಹಲಗೆ ಇಟ್ಟಿದ್ದರು. ಗಾಲಿಕುರ್ಚಿಯಲ್ಲಿ ಬರುತ್ತಿದ್ದ ಒಬ್ಬ ಹುಡುಗಿಯನ್ನು ಪ್ರತಿವಾರ ಇಬ್ಬರು ಹಿಂದಿನಿಂದ ತಳ್ಳಿ ಹತ್ತಿಸುತ್ತಿದ್ದರು, ತಳ್ಳಿದವರಿಗೆ ಸೇವೆ ಮಾಡಿದ ತೃಪ್ತಿ. ಒಂದು ದಿನ ಅವಳು, "ನನಗೆ ನಿಮ್ಮ ಸಹಾಯ ಬೇಡ, ನಾನೇ ಬರುವ ಹಾಗೆ ದಾರಿ ಮಾಡಿಕೊಡಿ" ಎಂದಳು. ಕೆಲವರಿಗೆ ನೋವಾಯಿತು. ಸಭಾಪಾಲಕರು ಮುಂದಿನ ಭಾನುವಾರ ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ತೆಗೆದುಕೊಂಡರು. ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವವರು ಗೊಣಗಿದಾಗ, ಅಪೊಸ್ತಲರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು, ಗೊಣಗಿದವರನ್ನು ಬೈಯಲಿಲ್ಲ. ಅದೇ ಕೆಲಸಕ್ಕೆಂದು ಏಳು ಜನರನ್ನು ಆರಿಸಲು ಹೇಳಿದರು. ಆರಿಸಿದ ಏಳೂ ಹೆಸರು ಗ್ರೀಕ್ ಹೆಸರುಗಳು, ಗೊಣಗಿದವರ ಕಡೆಯವರೇ ಇರಬೇಕು ಎಂಬುದನ್ನು ಸಭಾಪಾಲಕರು ಬಿಡಿಸಿ ತೋರಿಸಿದರು. ಆರಾಧನೆ ಮುಗಿದ ಮೇಲೆ ಇಳಿಜಾರಿನ ಸಮಿತಿಗೆ ಮೊದಲ ಹೆಸರಾಗಿ ಆ ಹುಡುಗಿಯನ್ನೇ ಕರೆದರು. ಅವಳು ಲೆಕ್ಕ ತಂದಿದ್ದಳು: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ, ಅಂದರೆ ಕಡಿಮೆಯೆಂದರೆ 18 ಅಡಿ. ಮುಂದೆ ಅಷ್ಟು ಜಾಗವಿಲ್ಲ. ಹಿಂಬಾಗಿಲ ಕಡೆ ಒಂದು ತಿರುವು ಕೊಟ್ಟು, ನಡುವೆ ಸಮತಟ್ಟು ಬಿಟ್ಟು, ಎರಡೂ ಕಡೆ ಕೈಹಿಡಿ ಹಾಕಿ ಕಟ್ಟಿದರು. ಮೊಮ್ಮಗುವಿನ ತಳ್ಳುಗಾಡಿ ತರುವವರು, ಮಂಡಿನೋವಿನ ನಾನು, ಎಲ್ಲರೂ ಈಗ ಅಲ್ಲಿಂದಲೇ ಬರುತ್ತೇವೆ.

ಹಣದ ವಿಷಯದಲ್ಲೂ ದೂರಿಲ್ಲ. ಕಾಣಿಕೆ ಚೀಲ ತಿರುಗುವುದಿಲ್ಲ, ಬಾಗಿಲ ಹತ್ತಿರ ಪೆಟ್ಟಿಗೆ. ನೆಂಟರಲ್ಲದ ಇಬ್ಬರು ಅಲ್ಲೇ ಎಣಿಸಿ ಇಬ್ಬರೂ ಸಹಿ ಮಾಡುತ್ತಾರೆ. ತಿಂಗಳ ಲೆಕ್ಕ ಫಲಕದ ಮೇಲೆ ಬರುತ್ತದೆ, ಬಲ್ಬಿಗೆ ಖರ್ಚಾದದ್ದೂ ಸೇರಿ.

ನಕ್ಷತ್ರ ಹಿಡಿದದ್ದು ದಣಿವಿಗಾಗಿ. ಇಷ್ಟೆಲ್ಲ ಸೇವೆ ನಡೆಯುತ್ತಿದೆ ಎಂದರೆ ಯಾರೋ ಮಾಡುತ್ತಿದ್ದಾರೆ. 38ರಲ್ಲಿ ಮಕ್ಕಳು, ತೀರಾ ವಯಸ್ಸಾದವರು, ಪಾಳಿ ಕೆಲಸದವರನ್ನು ಬಿಟ್ಟರೆ ಉಳಿಯುವುದು ಒಂಬತ್ತೋ ಹತ್ತೋ ಜನ. ಪಟ್ಟಿ ಬೇರೆ ಬೇರೆ, ಪಟ್ಟಿಯಲ್ಲಿರುವ ಹೆಸರು ಮಾತ್ರ ಅವೇ. ಒಬ್ಬ ಯುವಕ ಕೀಬೋರ್ಡ್ ನುಡಿಸಿ, ಮಕ್ಕಳಿಗೆ ಪಾಠ ಹೇಳಿ, ಶಿಬಿರಕ್ಕೆ ಗಾಡಿ ಓಡಿಸಿ, ಕೊನೆಗೆ ಮೂರು ತಿಂಗಳು ಎಲ್ಲ ಬಿಟ್ಟು ಮನೆಯಲ್ಲಿ ಕೂತ. ಸಭಾಪಾಲಕರ ಹೆಂಡತಿಯವರ ವಿಷಯ ಇನ್ನೂ ಕಷ್ಟ. ಅವರನ್ನು ಯಾರೂ ಆರಿಸಲಿಲ್ಲ, ಯಾರೂ ಕೇಳಲಿಲ್ಲ, ಸಂಬಳವಿಲ್ಲ. ಆದರೂ ಹೂವು, ಪರದೆ, ಸಂಡೇ ಸ್ಕೂಲು, ರಾತ್ರಿ ಹನ್ನೊಂದರ ಫೋನು, ಎಲ್ಲವೂ ಅವರ ಪಾಲಿಗೆ ಬಂದಿದ್ದವು. ವಾರ್ಷಿಕ ಸಭೆಯಲ್ಲಿ ನಾನು ಇದನ್ನು ಎತ್ತಿದೆ. ಯಾವ ಕೆಲಸ ನಿಮಗೆ ನಿಜವಾಗಿ ಇಷ್ಟ ಎಂದು ಅವರನ್ನು ಆವತ್ತು ಮೊದಲ ಸಲ ಕೇಳಿದರು. ಅವರು ತುಸು ಹೊತ್ತು ಸುಮ್ಮನಿದ್ದು, "ಪರದೆ ಒಗೆಯೋದು ಬೇಡ, ಮಕ್ಕಳಿಗೆ ಕತೆ ಹೇಳೋದು ಇರಲಿ" ಎಂದರು. ಈಗ ಯಾರಿಗೂ ಎರಡಕ್ಕಿಂತ ಹೆಚ್ಚು ಜವಾಬ್ದಾರಿ ಕೊಡಬಾರದು ಎಂಬ ನಿಯಮವಿದೆ. ಪಾಲನೆ ಅರ್ಧಂಬರ್ಧ. ನನ್ನ ಹೆಸರೇ ಮೂರು ಪಟ್ಟಿಯಲ್ಲಿದೆ. ಬರುವ ವರ್ಷ ಒಂದನ್ನು ಬಿಡುತ್ತೇನೆ ಎಂದು ಬರೆದುಕೊಟ್ಟಿದ್ದೇನೆ, ಬಿಟ್ಟ ಕೆಲಸ ನಿಂತುಹೋದರೂ ಸರಿ ಎಂದು ಹಿರಿಯರೂ ಒಪ್ಪಿದ್ದಾರೆ. ಈ ನಿಯಮ ನಿಜವಾಗಿ ನಿಂತ ದಿನ ಐದನೆಯ ನಕ್ಷತ್ರ ಹಾಕುತ್ತೇನೆ.

ಇಷ್ಟು ಸಣ್ಣ ಗುಂಪನ್ನು ಚರ್ಚ್ ಎನ್ನಬಹುದೇ ಎಂದು ನನ್ನ ತಂಗಿ ಕೇಳಿದ್ದಳು. ನಮ್ಮದು ಎರಡು ಕೋಣೆಯ ನಡುವಿನ ಗೋಡೆ ತೆಗೆದು ಮಾಡಿದ ಹಾಲ್. ಆ ಗೋಡೆ ಇದ್ದ ಗೆರೆ ನೆಲದ ಮೇಲೆ ಇನ್ನೂ ಕಾಣುತ್ತದೆ, ಚಿಕ್ಕ ಮಕ್ಕಳು ಅದರ ಮೇಲೆ ನಡೆಯುವ ಆಟ ಆಡುತ್ತಾರೆ. ಅವಳಿಗೆ ಸಿರಿಯಾದ ದುರಾ ಯುರೋಪಸ್ ಎಂಬ ಪ್ರಾಚೀನ ಊರಿನ ಬಗ್ಗೆ ಹೇಳಿದೆ. 1930ರ ದಶಕದಲ್ಲಿ ಅಲ್ಲಿ ಅಗೆದಾಗ ಮೂರನೆಯ ಶತಮಾನದ ಒಂದು ಮನೆ ಸಿಕ್ಕಿತು, ಕ್ರೈಸ್ತರು ಸೇರಲೆಂದು ಮಾರ್ಪಡಿಸಿದ ಮನೆ. ಅಲ್ಲೂ ಎರಡು ಕೋಣೆಯ ನಡುವಿನ ಗೋಡೆ ತೆಗೆದು ಒಂದು ಹಾಲ್ ಮಾಡಿಕೊಂಡಿದ್ದರು, ಹಿಡಿಸಿದರೆ ಸುಮಾರು 65ರಿಂದ 75 ಜನ. ಮುತ್ತಿಗೆಗೆ ಹೆದರಿ ಊರಿನ ಕೋಟೆಗೋಡೆ ಗಟ್ಟಿಮಾಡಲು ಸುರಿದ ಮಣ್ಣಿನಡಿ ಹೂತುಹೋಗಿ ಆ ಮನೆ ಉಳಿಯಿತು. ತಂಗಿ ಮುಂದಿನ ತಿಂಗಳು ಬಂದು ನೋಡುತ್ತೇನೆ ಎಂದಿದ್ದಾಳೆ.

ಬರುವವರಿಗೆ ಕೆಲವು ಮಾತು. ಆರಾಧನೆ ಒಂಬತ್ತೂವರೆಗೆ ಎಂದು ಹಾಕಿದ್ದರೂ ಹತ್ತು ನಿಮಿಷ ತಡವಾಗಿಯೇ ಶುರು. ಎಡಗಡೆಯ ಸ್ಪೀಕರ್ ಗೊರಗುಟ್ಟುತ್ತದೆ, ಕಿವಿ ಮಂದವಿರುವವರು ಬಲಗಡೆ ಕುಳಿತರೆ ಒಳ್ಳೆಯದು. ಚಿಕ್ಕ ಮಗು ಅತ್ತರೆ ಎದ್ದು ಹೊರಗೆ ಹೋಗಬೇಕಾಗಿಲ್ಲ, ಯಾರೂ ತಿರುಗಿ ನೋಡುವುದಿಲ್ಲ. ಪುಸ್ತಕದಲ್ಲಿ ಫೋನ್ ನಂಬರ್ ಬರೆದರೆ ಮಾತ್ರ ಫೋನ್ ಬರುತ್ತದೆ. ಈ ವಾರ ನೋಟ್‌ಬುಕ್ ನನ್ನ ಮನೆಯಲ್ಲಿದೆ, ಕಳೆದ ಭಾನುವಾರದ್ದು ಐದು ಹೆಸರು. ನಾಲ್ವರ ಹತ್ತಿರ ಮಾತಾಡಿಯಾಯಿತು. ಐದನೆಯವರು ಫೋನ್ ಎತ್ತುತ್ತಿಲ್ಲ. ಸಂಜೆ ಅವರ ಮನೆಯ ಕಡೆ ಹೋಗಿಬರುತ್ತೇನೆ.